ಟೀಚರಿಗೆ ನನ್ನ ಆದರಾಂಜಲಿ

ನಾನು ಚಿಕ್ಕವಳಿದ್ದಾಗ ಮೈಸೂರಿನ ನಮ್ಮ ಬೀದಿಗೆ ತಂತಿ ಬಂತೆಂದರೆ ಅದನ್ನು ಒಡೆಯುವ ಮೊದಲೇ ಅಳು ಶುರುವಾಗುತ್ತಿತ್ತು. ಒಡೆದು ನೋಡಿದರೆ ಎಷ್ಟೋ ಸಲ ಮಗು ಹುಟ್ಟಿದ ಸುದ್ದಿ ಇರುತ್ತಿತ್ತು. ಅತ್ತವರೇ ಕಣ್ಣೊರೆಸಿಕೊಂಡು ಸಕ್ಕರೆ ಹಂಚುತ್ತಿದ್ದರು. ಆಮೇಲೆ ಫೋನು ಬಂತು, ಎಸ್ಸೆಮ್ಮೆಸ್ಸು ಬಂತು, ಈಗ ಅಂಗೈಯಲ್ಲೇ ಹತ್ತಾರು ಗ್ರೂಪುಗಳಿವೆ. ಸುದ್ದಿ ಕಣ್ಣುಮುಚ್ಚಿ ತೆರೆಯುವುದರೊಳಗೆ ತಲುಪುತ್ತದೆ. ಓದುವ ಅಭ್ಯಾಸ ಮಾತ್ರ ಅಂದಿನ ಹಾಗೇ ಇದೆ, ಯಾರೂ ಓದುವುದಿಲ್ಲ. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಬದುಕಿರುವವರೊಬ್ಬರನ್ನು ಒಂದೇ ಮೆಸೇಜಿನಲ್ಲಿ ಸ್ವರ್ಗಕ್ಕೆ ಕಳಿಸಿದ ಅನುಭವದಿಂದ ಹೇಳುತ್ತಿದ್ದೇನೆ.

ನನ್ನ ಯಜಮಾನರು ರಾಕೆಟ್ ಆಫೀಸಿನವರು. ವರ್ಗವಾಗಿ ತಿರುವನಂತಪುರಕ್ಕೆ ಬಂದು ಕಳಕ್ಕೂಟಂನ ಫ್ಲ್ಯಾಟೊಂದರಲ್ಲಿ ಇದ್ದೇವೆ. ಕೆಳಗಿನ ಮನೆ ಸರಸ್ವತಿ ಟೀಚರದ್ದು. ಈ ಊರಿನಲ್ಲಿ ನನಗೊಂದು ತವರು ಅಂತಿದ್ದರೆ ಅದು ಅವರ ಅಡುಗೆಮನೆ. ನನ್ನನ್ನು ಮೋಳೇ, ಅಂದರೆ ಮಗಳೇ, ಎಂದೇ ಕರೆಯುತ್ತಾರೆ. ಮಲಯಾಳದ ಅಕ್ಷರ ಕಲಿಸಿದವರೂ ಅವರೇ. ಅಕ್ಷರ ಬಂದಮೇಲೆ ಅರ್ಥ ಯಾಕೆ ಬೇಕು, ಸಂಸ್ಕೃತದ ಪದಗಳೆಲ್ಲ ಎರಡೂ ಭಾಷೆಗೆ ಒಂದೇ ತಾನೇ ಎಂಬುದು ನನ್ನ ಸಿದ್ಧಾಂತವಾಗಿತ್ತು. ಚಾಲೈ ಮಾರ್ಕೆಟಿನ ತಿರುವಿನಲ್ಲಿ ವಯಸ್ಸಾದ ಗೌರವಸ್ಥರ ಫೋಟೊ ಹಾಕಿ, ಕೆಳಗೆ ‘ಆದರಾಂಜಲಿಗಳ್’ ಎಂದು ಬರೆದ ಫ್ಲೆಕ್ಸುಗಳನ್ನು ಕೂಡಿಸಿ ಕೂಡಿಸಿ ಓದಿದ್ದೆ. ಕೇರಳದಲ್ಲಿ ಹಿರಿಯರಿಗೆ ಎಂಥಾ ಮರ್ಯಾದೆ, ನೋಡಿ ಕಲೀರಿ ಎಂದು ಮನೆಯಲ್ಲಿ ಭಾಷಣ ಕೂಡ ಮಾಡಿದ್ದೆ.

ಹೋದ ತಿಂಗಳು ಕೊಚ್ಚಿಯಲ್ಲಿರುವ ಟೀಚರ ಹಳೇ ವಿದ್ಯಾರ್ಥಿಗಳು ಮಟ್ಟಾಂಚೇರಿಯಲ್ಲಿ ಅವರಿಗೊಂದು ಸನ್ಮಾನ ಇಟ್ಟುಕೊಂಡರು. ಟೀಚರು ಬೆಳಗಿನ ರೈಲಿಗೆ ಹೋದರು. ಅವರ ಯಜಮಾನರು ಕುರುಪ್ ಸಾರ್‌ಗೆ ಕಿವಿ ಮಂದ, ಫೋನು ಮುಟ್ಟುವವರಲ್ಲ. ಹಾಗಾಗಿ ಫೋಟೊ ನನಗೆ ಬಂತು. ಬಿಳಿ ಸೀರೆ, ಕೊರಳಲ್ಲಿ ದಪ್ಪ ಮಲ್ಲಿಗೆ ಹಾರ, ಪಕ್ಕದಲ್ಲಿ ಉರಿಯುವ ದೀಪ. ಫೋಟೊ ತೆಗೆಯುವ ಹೊತ್ತಿಗೆ ಟೀಚರು ಕಣ್ಣು ಮಿಟುಕಿಸಿದ್ದರಿಂದ ಕಣ್ಣು ಮುಚ್ಚಿತ್ತು. ಫ್ಲ್ಯಾಟಿನ ಗ್ರೂಪಿಗೆ ನಾನೇ ಮೊದಲು ಹಾಕಬೇಕು, ಅದೂ ಮಲಯಾಳದಲ್ಲೇ ಬರೆದು ಗುರುವನ್ನು ಖುಷಿಪಡಿಸಬೇಕು ಎಂಬ ಆಸೆ. ‘ಆದರಾಂಜಲಿಗಳ್’ ಎಂದು ಒತ್ತಕ್ಷರ ಸಮೇತ ಬರೆದು, ಒಂದು ದೀಪವನ್ನೂ ಕೈಮುಗಿದ ಚಿತ್ರವನ್ನೂ ಸೇರಿಸಿ ಕಳಿಸಿದೆ. ಆಮೇಲೆ ನೆಮ್ಮದಿಯಾಗಿ ಗ್ರೈಂಡರಿಗೆ ದೋಸೆಗೆ ನೆನೆಸಿದ್ದನ್ನು ಹಾಕಿ ಅದರ ಗಲಾಟೆಯಲ್ಲಿ ಲೋಕ ಮರೆತೆ.

ಲೋಕ ನನ್ನನ್ನು ಮರೆತಿರಲಿಲ್ಲ. ಗ್ರೂಪಿನಲ್ಲಿ ಒಬ್ಬರ ಹಿಂದೆ ಒಬ್ಬರು ಕೈಮುಗಿಯತೊಡಗಿದ್ದರು. ಮೀಟಿಂಗಿನಲ್ಲಿದ್ದ ನಮ್ಮವರೂ, ಎಲ್ಲರೂ ಮುಗಿದಿದ್ದಾರಲ್ಲ ಎಂದು, ಒಂದು ಸಲ ಮುಗಿದಿದ್ದರು. ಕೆಲವರು ಎದ್ದು ಟೀಚರ ಮನೆಗೇ ಹೋದರು. ಟೀಚರು ಹೋದರಂತೆ, ಹೌದಾ ಸಾರ್ ಎಂದು ಕಿವಿಯ ಹತ್ತಿರ ಕೇಳಿದರು. ‘ಹೋದರು’ ಎನ್ನುವ ಮಾತಿಗೆ ಮಲಯಾಳದಲ್ಲೂ ನಮ್ಮ ಹಾಗೇ ಎರಡು ಅರ್ಥ.

“ಹೋದಳು, ಬೆಳಗ್ಗೇನೇ ಹೋದಳು” ಎಂದರು ಸಾರ್. “ಏನೂ ತೊಂದರೆ ಆಗಲಿಲ್ಲ. ಕಿಟಕಿ ಪಕ್ಕದ ಸೀಟೇ ಸಿಕ್ಕಿತು.”

ದುಃಖದಲ್ಲಿ ಪಾಪ ಬುದ್ಧಿ ಮಂಕಾಗಿದೆ ಎಂದುಕೊಂಡು ಇಬ್ಬರು ಅವರ ಕೈ ಹಿಡಿದು ಕೂತರು. ಕಾಲೇಜಿನಿಂದ ಬಂದ ನನ್ನ ಮಗಳು ನೋಡುವಾಗ ಕೆಳಗೆ ಬಾಡಿಗೆ ಕುರ್ಚಿ ಇಳಿಸುತ್ತಿದ್ದರು. ಮನೆಯಲ್ಲಿ ಏನು ಕೇಳಿದರೂ ಮಲಯಾಳದಲ್ಲೇ ಉತ್ತರ ಕೊಡುವ ಆ ಹುಡುಗಿ, ಅಕ್ಕಪಕ್ಕದವರಿಗೆ ತಿಳಿಯಬಾರದೆಂದು ಅವತ್ತು ಶುದ್ಧ ಕನ್ನಡದಲ್ಲಿ ಮಾತಾಡಿದಳು.

“ಅಮ್ಮಾ, ಅದು ಸತ್ತವರಿಗೆ ಹಾಕೋದು.”

ಸತ್ತವರಿಗೆ ಶ್ರದ್ಧಾಂಜಲಿಯಲ್ಲವೇನೇ ಎಂದೆ. ಅದು ನಿನ್ನ ಮೈಸೂರಿನಲ್ಲಿ ಎಂದಳು. ಇನ್ನು ಯಾವ ಮುಖ ಹೊತ್ತು ಟೀಚರ ಬಾಗಿಲು ತಟ್ಟಲಿ ಎಂದು ನಿಜವಾಗಿ ಅಳುವೇ ಬಂತು. ಅವರಿಗೆ ಫೋನು ಮಾಡಿದರೆ ಎತ್ತಲಿಲ್ಲ. ತಪ್ಪಾಗಿದೆ, ಟೀಚರು ಚೆನ್ನಾಗಿದ್ದಾರೆ ಎಂದು ಮಗಳ ಕೈಯಲ್ಲಿ ಗ್ರೂಪಿಗೆ ಬರೆಸಿದೆ. ಅದರ ಕೆಳಗೂ ನಾಲ್ಕೈದು ಜನ ಕೈಮುಗಿದರು. ಕೊನೆಗೆ ಕೆಳಗಿಳಿದು ಹೋಗಿ, ಎಲ್ಲರೆದುರು ನನ್ನ ಪಾಂಡಿತ್ಯವನ್ನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕಾಯಿತು. ಕುರ್ಚಿಗಳು ಗೊಣಗುತ್ತಾ ಗಾಡಿ ಹತ್ತಿದವು.

ಸಂಜೆ ಟೀಚರು ಬಂದರು. ರೈಲಿನಲ್ಲಿ ಪ್ರತಿಯೊಂದು ಮೆಸೇಜನ್ನೂ ಓದಿ ಮುಗಿಸಿದ್ದರು. ಗ್ರೂಪಿನಲ್ಲಿ ಓದುವವರು ಅವರೊಬ್ಬರೇ ಇರಬೇಕು. ಬೈಯಲಿಲ್ಲ. ಪಾರ್ಕಿಂಗ್ ಜಗಳದ ನಂತರ ಮಾತುಬಿಟ್ಟಿದ್ದ ಮೂರನೇ ಮಹಡಿಯವರು ‘ಅಮ್ಮನಂಥವರು’ ಎಂದು ಬರೆದಿದ್ದಾರೆ, ನಾಳೆ ಅವರ ಜಾಗದಲ್ಲೇ ಕಾರು ನಿಲ್ಲಿಸುತ್ತೇನೆ, ಈ ಹೊಸ ಮಗ ಏನೆನ್ನುತ್ತಾನೋ ನೋಡೋಣ ಎಂದು ನಕ್ಕರು. ನಾನೂ ಧೈರ್ಯ ತಂದುಕೊಂಡು ನಕ್ಕೆ. ಆಗ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರ ಮಲಯಾಳವನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ ಹೀಗೆ:

“ನಾನು ಸತ್ತೆ ಅಂದುಕೊಂಡವರೆಲ್ಲ ಎರಡು ಒಳ್ಳೇ ಮಾತು ಬರೆದಿದ್ದಾರೆ ಮೋಳೇ. ಬದುಕಿದ್ದೀನಿ ಅಂತ ಗೊತ್ತಿದ್ದವಳು ನೀನೊಬ್ಬಳೇ. ನೀನು ಯಾಕೆ ಒಂದೇ ಪದ ಬರೆದೆ?”

ಯಾರದೋ ಫ್ಲೆಕ್ಸಿನ ಪದವನ್ನು ಎತ್ತಿ ಅಂಟಿಸಿದ್ದೆನೇ ಹೊರತು, ಜ್ವರ ಬಂದಾಗ ನನಗೆ ಗಂಜಿ ಕುಡಿಸಿದವರ ಬಗ್ಗೆ ನನ್ನದೊಂದು ಮಾತು ಹೊಳೆದಿರಲಿಲ್ಲ. ಮೆಸೇಜು ಬೇಡ, ಬಾಯಲ್ಲೇ ಹೇಳಿಬಿಡೋಣ ಎಂದು ಮಾರನೇ ಬೆಳಗ್ಗೆ ಸ್ನಾನ ಮಾಡುತ್ತಾ ಮೂರು ವಾಕ್ಯ ಬಾಯಿಪಾಠ ಮಾಡಿದೆ. ನೀವಿಲ್ಲದಿದ್ದರೆ ನಾನು ಈ ಊರಿನಲ್ಲಿ ನಿಲ್ಲುತ್ತಿರಲಿಲ್ಲ ಎಂಬುದು ಮೊದಲನೆಯದು. ಮೆಟ್ಟಿಲಿಳಿದು ಗಂಟೆ ಒತ್ತಿದೆ. ಟೀಚರು ಸೌಟು ಹಿಡಿದುಕೊಂಡೇ ಬಂದು ಬಾಗಿಲು ತೆರೆದು, ಏನು ಮೋಳೇ ಎಂದರು. ನಾನು ಬಾಯಿ ತೆರೆದೆ, ಸ್ವಲ್ಪ ಕರಿಬೇವು ಇದೆಯಾ ಎಂದು ಕೇಳಿದೆ. ಅವರು ಒಂದು ಹಿಡಿ ತಂದುಕೊಟ್ಟರು. ನಮ್ಮ ಮನೆಯಲ್ಲಿ ಕರಿಬೇವು ಬೇಕಾದಷ್ಟಿತ್ತು.