ತೆಂಗಿನ ಮರದಲ್ಲಿ ಕೂತು ಹಾರಿದ ವಿಮಾನ

ಆಟಿಕೆ ವಿಮಾನ ಹಾರಿಸುವ ಸ್ಪರ್ಧೆಗೆ ನಿಯಮಾವಳಿ ಬರೆಯುವ ಕೆಲಸವನ್ನು ನಮ್ಮ ಸಂಘದವರು ನನಗೆ ವಹಿಸಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಇಡೀ ತುರುವೇಕೆರೆಯಲ್ಲಿ ಇಂಥ ಕೆಲಸಕ್ಕೆ ನನ್ನನ್ನು ಬಿಟ್ಟರೆ ಬೇರೆ ಯಾರಿದ್ದಾರೆ ಎಂದು ನನಗೂ ಅನ್ನಿಸಿತ್ತು. ವಿಮಾನವೆಂದರೆ ದೊಡ್ಡದೇನಲ್ಲ. ಥರ್ಮೋಕೋಲಿನ ರೆಕ್ಕೆ, ಬಿದಿರು ಕಡ್ಡಿಯ ಮೈ, ಮೂತಿಗೊಂದು ಪುಟ್ಟ ಫ್ಯಾನು. ರಬ್ಬರ್ ಬ್ಯಾಂಡನ್ನು ತಿರುಚಿ ಕೈಬಿಟ್ಟರೆ ತಾನೇ ಹಾರುತ್ತದೆ. ಯಾರದು ಹೆಚ್ಚು ಹೊತ್ತು ಹಾರುತ್ತದೋ ಅವರು ಗೆದ್ದರು. ಇಷ್ಟು ಸರಳವಾದ ಆಟಕ್ಕೆ ನಾನೊಂದು ಸಂವಿಧಾನವನ್ನೇ ಬರೆದೆ!

ವಿಮಾನ ಕೈಬಿಟ್ಟ ಕ್ಷಣದಿಂದ ನೆಲ ಮುಟ್ಟುವ ಕ್ಷಣದವರೆಗೆ ಹಾರಾಟವೆಂದು ಪರಿಗಣಿಸತಕ್ಕದ್ದು. ಒಬ್ಬರ ಹಾರಾಟ ಮುಗಿಯುವ ತನಕ ಮತ್ತೊಬ್ಬರು ಹಾರಿಸತಕ್ಕದ್ದಲ್ಲ. ಹಾರಾಟದಲ್ಲಿರುವ ವಿಮಾನವನ್ನು ಅದರ ಒಡೆಯರಾಗಲಿ ಅವರ ಕಡೆಯವರಾಗಲಿ ಮುಟ್ಟಿದಲ್ಲಿ ಸದರಿಯವರು ಅನರ್ಹರು. ಇದನ್ನೆಲ್ಲ ಓದಿದ ನನ್ನ ಹೆಂಡತಿ ಪುಷ್ಪ, ಮರಗಿರಕ್ಕೆ ಸಿಕ್ಕಿಹಾಕಿಕೊಂಡರೆ ಏನು ಗತಿ ಎಂದು ಕೇಳಿದಳು. ಕಾನೂನು ನಿನಗೆ ಅರ್ಥವಾಗುವುದಿಲ್ಲ ಬಿಡು ಎಂದೆ.

ಪುಷ್ಪಳೂ ಹೆಸರು ಕೊಟ್ಟಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಅಡುಗೆಮನೆಯಲ್ಲಿ ಕೂತು ತಿಂಗಳುಗಟ್ಟಲೆ ರೆಕ್ಕೆ ಕತ್ತರಿಸಿದ್ದಳು, ಅಂಟಿಸಿದ್ದಳು, ಸರಿಹೋಗದೆ ಮತ್ತೆ ಕತ್ತರಿಸಿದ್ದಳು. ಅವಳು ಜೀವನದಲ್ಲಿ ಯಾವ ಸ್ಪರ್ಧೆಗೂ ನಿಂತವಳಲ್ಲ. ಒಬ್ಬರಿಗೆ ಒಂದೇ ಹಾರಾಟ. ಚೀಟಿ ಎತ್ತಿದಾಗ ನನ್ನ ಸರದಿ ಕೊನೆಯ ಹಿಂದಿನದು, ಅವಳದು ಕೊನೆಯದು.

ನಮ್ಮ ಸೀಮೆಯಲ್ಲಿ ತೆಂಗಿನ ಮರವಿಲ್ಲದ ಬಯಲು ಹುಡುಕುವುದು ಸುಲಭವಲ್ಲ. ಸಂಪಿಗೆ ಎಂಬ ಊರಿನ ಕಡೆ ಕೊಯ್ಲಾದ ರಾಗಿ ಹೊಲವೊಂದು ಸಿಕ್ಕಿತು. ಅದಕ್ಕೂ ಮೂರು ಕಡೆ ತೋಟ. ಬಿಸಿಲೇರಿ ಗಾಳಿ ಎದ್ದರೆ ಇಂಥ ಹಗುರ ವಿಮಾನಗಳು ಹಾರುವುದಿಲ್ಲವಾದ್ದರಿಂದ ಬೆಳಗ್ಗೆಯೇ ಶುರುಮಾಡಿದೆವು. ತೀರ್ಪುಗಾರರು ಗಿರಿಜಾ ಮೇಡಂ, ಹೈಸ್ಕೂಲಿನಲ್ಲಿ ಆಟ ಕಲಿಸಿ ನಿವೃತ್ತರಾದವರು. ಮೊದಲಿಗೇ ತಮ್ಮ ಅಣ್ಣನ ಮಗನ ವಿಮಾನ ಹಿಡಿದು, ರೆಕ್ಕೆ ನಿಯಮಕ್ಕಿಂತ ಒಂದು ಬೆರಳು ಉದ್ದವೆಂದು ಆಟದಿಂದ ಹೊರಗಿಟ್ಟರು. ಅತ್ತೆ, ಅತ್ತೆ ಎಂದು ಅವನು ಗೋಗರೆದ.

"ಇಲ್ಲಿ ಅತ್ತೆ ಇಲ್ಲ ಕಣಪ್ಪ, ಅಳತೆ ಪಟ್ಟಿ ಐತೆ" ಎಂದರು ಮೇಡಂ.

ಎಂಥಾ ಹೆಂಗಸು ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಅವರು ಜಾರಿ ಮಾಡುತ್ತಿದ್ದುದು ನನ್ನ ಕಾನೂನನ್ನಲ್ಲವೇ!

ನನ್ನ ಸರದಿ ಬಂತು. ಎಲ್ಲರಿಗಿಂತ ನಾಲ್ಕು ಸುತ್ತು ಹೆಚ್ಚಿಗೇ ತಿರುಚಿ ಬಿಟ್ಟೆ. ವಿಮಾನ ಗತ್ತಿನಿಂದ ಮೇಲೇರಿತು, ಒಂದು ಸುತ್ತು ಹೊಡೆಯಿತು, ನೇರವಾಗಿ ತೋಟಕ್ಕೆ ಹೋಗಿ ತೆಂಗಿನ ಮರದ ತುದಿಯಲ್ಲಿ ಕೂತಿತು. ಮೇಡಂ ಸ್ಟಾಪ್‌ವಾಚ್ ಒತ್ತುವಷ್ಟರಲ್ಲಿ ನಾನು ಅಡ್ಡ ಹೋದೆ. ವಿಮಾನ ನೆಲ ಮುಟ್ಟಿಲ್ಲ, ಆದ್ದರಿಂದ ಹಾರಾಟ ಮುಗಿದಿಲ್ಲ ಎಂದು ವಾದಿಸಿದೆ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಕನ್ನಡಕ ಹಾಕಿಕೊಂಡು ನಿಯಮವನ್ನು ಮತ್ತೆ ಮತ್ತೆ ಓದಿದರು.

"ರಾಜಣ್ಣನವರು ಹೇಳ್ತಿರೋದು ಸರಿ ಐತೆ. ಹಾರಾಟ ನಡೀತಾ ಐತೆ."

ವಾಚು ಓಡುತ್ತಲೇ ಇತ್ತು. ಅನ್ಯಾಯ ಎಂದು ಕೆಲವರು ಕೂಗಾಡಿದರು. ಅವರ ಕೈಗೂ ಮೇಡಂ ನಿಯಮದ ಹಾಳೆ ಕೊಟ್ಟು ಓದಿಸಿದರು. ನಾನು ಗೆದ್ದವನಂತೆ ಉಪ್ಪಿಟ್ಟು ತಿನ್ನುತ್ತಾ ಕೂತೆ. ತಟ್ಟೆ ಖಾಲಿಯಾಗುವ ಹೊತ್ತಿಗೆ ತೆಂಗಿನ ಗರಿಗಳು ಸರಸರ ಅಲುಗಾಡತೊಡಗಿದವು. ಆಗ ನೋಡಿದೆ. ಪುಷ್ಪ ಬದುವಿನ ಮೇಲೆ ಕೂತು, ತೊಡೆಯ ಮೇಲಿನ ವಿಮಾನಕ್ಕೆ ಗಾಳಿ ತಾಗದಂತೆ ಸೆರಗು ಮುಚ್ಚಿಕೊಂಡಿದ್ದಳು. ನನ್ನದು ಇಳಿಯದೆ ಅವಳು ಹಾರಿಸುವಂತಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಓಡಿಹೋಗಿ, ನನ್ನದು ಇಳಿಯಿತೆಂದು ಬರೆದುಕೊಳ್ಳಿ ಎಂದು ಮೇಡಂಗೆ ಹೇಳಿದೆ. ಅವರು ತಲೆಯೆತ್ತಿ ಮರ ನೋಡಿದರು.

"ಎಲ್ಲಿ ಇಳೀತ್ರೀ? ಅಲ್ಲೇ ಐತಲ್ಲ. ಸುಳ್ಳು ಟೈಮು ನಾನು ಬರೆಯಲ್ಲ."

ಸ್ಪರ್ಧೆಯಿಂದಲೇ ಹಿಂದೆ ಸರಿಯುತ್ತೇನೆ ಎಂದೆ. ಹಾರಾಟದ ನಡುವೆ ಹಿಂದೆ ಸರಿಯಲು ನಿಯಮವಿಲ್ಲ ಎಂದರು. ನಿಜ, ನಾನು ಬರೆದೇ ಇರಲಿಲ್ಲ! ಮರ ಅಲ್ಲಾಡಿಸಲು ನೋಡಿದೆ, ನಾನೇ ಅಲ್ಲಾಡಿದೆ. ಚಪ್ಪಲಿ ಎಸೆದೆ. ಅದೂ ಮೇಲೆಯೇ ಕೂತಿತು. ಈಗ ಆಕಾಶದಲ್ಲಿ ನನ್ನವು ಎರಡು!

ಉಳಿದದ್ದು ಒಂದೇ ದಾರಿ. ತೋಟದವರಿಂದ ಕಾಯಿ ಕೀಳುವ ದೋಟಿ ಇಸಿದುಕೊಂಡು, ಹಾರಾಟದಲ್ಲಿದ್ದ ನನ್ನ ವಿಮಾನವನ್ನು ನಾನೇ ತಿವಿದೆ. ಮೊದಲು ಒಣಗರಿ ಬಂತು, ಆಮೇಲೆ ಚಪ್ಪಲಿ, ಆಮೇಲೆ ಕಾಯಿ. ಸುತ್ತಲಿದ್ದವರು ದಿಕ್ಕಾಪಾಲಾದರು. ಮೇಡಂ ಕದಲಲಿಲ್ಲ. ಕೊನೆಗೆ ರೆಕ್ಕೆ ಮುರಿದ ವಿಮಾನ ನೆಲ ಮುಟ್ಟಿತು. ಆಗ ವಾಚು ನಿಲ್ಲಿಸಿ, ರಾಜಣ್ಣನವರು ಅನರ್ಹರು ಎಂದು ಎಲ್ಲರಿಗೂ ಕೇಳುವಂತೆ ಓದಿದರು. ನನ್ನನ್ನು ಹೊರಗೆ ಹಾಕಿದವರ ಮೇಲೆ ನನಗೆ ಅಷ್ಟು ಗೌರವ ಹಿಂದೆಂದೂ ಬಂದಿರಲಿಲ್ಲ.

ಪುಷ್ಪ ಎದ್ದು ನಿಂತಳು. ಅವಸರ ಮಾಡಲಿಲ್ಲ, ಗರಿಗಳನ್ನೇ ನೋಡುತ್ತಾ ಕಾದಳು. ಗಾಳಿ ಒಂದು ಗಳಿಗೆ ತಗ್ಗಿದ್ದೇ ತಡ, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ವಿಮಾನವನ್ನು ಬಿಟ್ಟಳು. ಅದು ಹೊಲದ ಮೇಲೆಯೇ ದುಂಡಗೆ ಸುತ್ತುತ್ತಾ ಹೋಯಿತು. ನಾನು ಎಲ್ಲಿ ಮುಟ್ಟಿಬಿಡುತ್ತೇನೋ ಎಂದು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಕತ್ತೆತ್ತಿ ನಿಂತಿದ್ದೆ. ತೋಟದ ಕಡೆ ತಿರುಗಿಯೂ ನೋಡದೆ ಅದು ರಾಗಿ ಕೂಳೆಯ ಮೇಲೆ ಮೆತ್ತಗೆ ಇಳಿಯಿತು. ಮೊದಲ ಬಹುಮಾನ ಅವಳದೇ! ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಬಹುಮಾನ ಕೊಡುವಾಗ ಮೈಕು ಹಿಡಿಯುವ ಕೆಲಸ ಸಂಘದ ಕಾರ್ಯದರ್ಶಿಯಾದ ನನ್ನದು. ಇಷ್ಟು ಚೆನ್ನಾಗಿ ಯಾರು ಹೇಳಿಕೊಟ್ಟರು ಎಂದು ಮೇಡಂ ಕೇಳಿದರು. ನಾನು ಎದೆಯುಬ್ಬಿಸಿ ನಿಂತೆ.

"ಯಾರೂ ಹೇಳ್ಕೊಡ್ಲಿಲ್ಲ ಮೇಡಂ" ಎಂದಳು ಪುಷ್ಪ. "ನಮ್ಮನೆಯವ್ರು ಮಾಡೋದನ್ನ ದಿನಾ ನೋಡ್ತಿದ್ದೆ. ಹೆಂಗೆ ಮಾಡ್ಬಾರ್ದು ಅಂತ ಚೆನ್ನಾಗಿ ಗೊತ್ತಾಯ್ತು."

ಹೊಲವೆಲ್ಲ ನಕ್ಕಿತು. ಹಿಂದೆ ನಿಂತವರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಮೈಕು ಸ್ವಲ್ಪ ಹತ್ತಿರ ಹಿಡಿಯಿರಿ, ಇನ್ನೊಂದು ಸಲ ಹೇಳಲಿ ಎಂದರು ಮೇಡಂ. ಹಿಡಿದೆ!