ಅಜ್ಜಂಪುರದ ರೇಟು, ಬೆಂಗಳೂರಿನ ರೇಟು

ನಮ್ಮ ಯಜಮಾನರ ಜೊತೆ ಹೊರಗೆ ಹೋದರೆ ಏನಾದರೊಂದು ನಡೆಯದೆ ಮನೆಗೆ ಬಂದದ್ದೇ ಇಲ್ಲ. ಅಜ್ಜಂಪುರದಲ್ಲಿ ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು. ಯಾವ ಸಾಮಾನು ಕಂಡರೂ ರೇಟು ಕೇಳಬೇಕು, ಕೇಳಿದ ಮೇಲೆ ನಮ್ಮೂರಿನ ರೇಟಿಗೆ ಹೋಲಿಸಬೇಕು. ಹೊಟ್ಟೆಯಲ್ಲಿ ಗಡ್ಡೆ ಇದೆ, ಬೆಂಗಳೂರಿಗೇ ಹೋಗಬೇಕು ಅಂತ ಶಿವಮೊಗ್ಗದ ಡಾಕ್ಟರು ಹೇಳಿದಾಗ ನಾನು ಅಲ್ಲೇ ಅತ್ತುಬಿಟ್ಟೆ. ಇವರು ಮಾತ್ರ, "ಅಲ್ಲಿ ಸಕ್ಕರೆ ಕೆಜಿಗೆ ಎಷ್ಟಿದೆಯೋ ಏನೋ" ಅಂದರು.

ಬೆಂಗಳೂರಿನಲ್ಲಿ ಐದು ತಿಂಗಳು ಇದ್ದೆವು. ಅವರು ಹೋಗಿ ಈಗ ಎರಡು ವರ್ಷ. ಅಳುವುದಕ್ಕೆ ಬೇಕಾದಷ್ಟಿದೆ. ಆದರೆ ಒಬ್ಬಳೇ ಅಂಗಡಿಯಲ್ಲಿ ಕೂತಾಗ ನೆನಪಿಗೆ ಬರುವುದು ಇಂಥವೇ.

ಬಾಡಿಗೆ ರೂಮು

ಆಸ್ಪತ್ರೆ ಹತ್ತಿರ ಒಂದು ರೂಮು ನೋಡಲು ಹೋದೆವು. ಮೂರನೇ ಮಹಡಿ. ಕಿಟಕಿ ತೆಗೆದರೆ ಕೈಗೆ ಸಿಗುವಷ್ಟು ಹತ್ತಿರ ಪಕ್ಕದ ಮನೆಯ ಗೋಡೆ. ಓನರಮ್ಮ ತಿಂಗಳಿಗೆ ಹನ್ನೆರಡು ಸಾವಿರ ಅಂದರು.

ಯಜಮಾನರು ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡು ಹೇಳಿದರು, "ಅಮ್ಮಾ, ತರೀಕೆರೇಲಿ ಇವಳ ತವರುಮನೆ ಪಕ್ಕ ಮೂರು ರೂಮು, ಹಿತ್ತಲು, ಬಾವಿ ಇರೋ ಮನೇನ ಇದರ ಅರ್ಧಕ್ಕೆ ಕೊಡ್ತಾರೆ."

"ಹಾಗಿದ್ರೆ ಅಲ್ಲೇ ಇರಬಹುದಿತ್ತಲ್ಲ?" ಓನರಮ್ಮನಿಗೆ ಸಿಟ್ಟು ಬಂತು.

"ಇರ್ತಿದ್ವಿ. ಕ್ಯಾನ್ಸರ್‌ಗೆ ಅಲ್ಲಿ ಡಾಕ್ಟರಿಲ್ಲ."

ಆ ಹೆಂಗಸಿನ ಮುಖ ಸಣ್ಣಗಾಯಿತು. "ಹನ್ನೊಂದು ಕೊಡಿ ಸಾಕು" ಅಂತ ಕೀ ಕೊಟ್ಟು ಕೆಳಗಿಳಿದರು. ನಾನು ಆ ಗೋಡೆ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದೆ. ಇವರು ನನ್ನ ಕಿವಿಯ ಹತ್ತಿರ ಬಂದು, "ಛೆ, ಕಾಯಿಲೆ ವಿಷ್ಯ ಕೆಳಗೇ ಹೇಳಿಬಿಡ್ಬೇಕಿತ್ತು ಕಣೇ. ಹತ್ತಕ್ಕೆ ಬರೋಳು" ಅಂದರು.

ತೆಂಗಿನಕಾಯಿ

ತಳ್ಳುಗಾಡಿಯವನೊಬ್ಬ ಬೀದಿಯ ತುದಿಯಲ್ಲಿ ತರಕಾರಿ ಮಾರುತ್ತಿದ್ದ. ಇವರು ಒಂದು ತೆಂಗಿನಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ರೇಟು ಕೇಳಿದರು. ಅವನು ಹೇಳಿದ್ದು ನಮ್ಮೂರಿನ ರೇಟಿಗೆ ಎರಡರಷ್ಟು.

"ಇದು ನಮ್ಮ ಕಡೂರು ಕಡೆ ಕಾಯಿ ಕಣಯ್ಯಾ. ಅಲ್ಲಿಂದ ಇಲ್ಲಿಗೆ ಬರೋಷ್ಟರಲ್ಲಿ ಅದಕ್ಕೇನು ಕೋಡು ಬಂತಾ?"

"ನೀವೂ ಅಲ್ಲಿಂದಾನೇ ಬಂದಿರೋದಾ ಸಾರ್?"

"ಹೂಂ. ಅಜ್ಜಂಪುರ."

"ನಿಮಗೆ ಅಲ್ಲಿಗಿಂತ ಇಲ್ಲಿ ಖರ್ಚು ಜಾಸ್ತಿ ಅಲ್ವಾ?"

"ಹೇಳ್ಬಾರ್ದು."

"ಕಾಯಿಗೂ ಹಂಗೇ ಸಾರ್."

ಮೂವತ್ತು ವರ್ಷದಲ್ಲಿ ನಮ್ಮ ಯಜಮಾನರು ವ್ಯಾಪಾರದ ಮಾತಲ್ಲಿ ಸೋತದ್ದು ನಾನು ನೋಡಿರಲಿಲ್ಲ. ಎರಡು ಕಾಯಿ ತಗೊಂಡರು. ರೂಮಿಗೆ ಬರುವ ದಾರಿಯುದ್ದಕ್ಕೂ, "ಇಂಥೋನು ಒಬ್ಬ ನಮ್ಮಂಗಡೀಲಿ ಇದ್ದಿದ್ರೆ ನಿನ್ನ ಬಗ್ಗೆ ನಂಗೆ ಯೋಚನೆ ಇರ್ತಿರ್ಲಿಲ್ಲ" ಅಂತಿದ್ದರು. ನಾನು ನಡುದಾರಿಯಲ್ಲೇ ನಿಂತುಬಿಟ್ಟೆ. ಅದು ನೋಡಿ, "ಸಂಬಳ ಮಾತ್ರ ಬೆಂಗ್ಳೂರು ರೇಟು ಕೇಳ್ತಾನೆ, ಬಿಡು" ಅಂದರು.

ಕ್ಷೌರ

ಎರಡನೇ ಸಲ ಕೀಮೋ ಕೊಟ್ಟ ಮೇಲೆ ದಿಂಬಿನ ತುಂಬ ಕೂದಲು. ನಾನು ಅವರು ಏಳುವ ಮೊದಲೇ ದಿಂಬು ಕೊಡವಿ ಇಡುತ್ತಿದ್ದೆ. ಅವರಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ದಿನ ತಾವೇ ಎದ್ದು, ಬೋಳಿಸಿಕೊಂಡು ಬರ್ತೀನಿ ಅಂತ ಹೊರಟರು. ಹೋಗುವಾಗಲೇ ವಾದ ತಯಾರು: "ಅಲ್ಲಿ ಇಲ್ಲಿ ನಾಲ್ಕು ಕೂದಲಿದೆ. ಇದಕ್ಕೆ ಪೂರ್ತಿ ತಲೆ ರೇಟು ಹಾಕಿದ್ರೆ ಬಿಡಲ್ಲ ನಾನು."

ಅರ್ಧ ಗಂಟೆಗೆ ವಾಪಸು ಬಂದರು. ತಲೆ ನುಣ್ಣಗಾಗಿತ್ತು, ಮುಖ ಬಾಡಿತ್ತು.

"ಏನ್ರೀ, ಜಾಸ್ತಿ ತಗೊಂಡ್ನಾ?"

"ತಗೊಳ್ಳೇ ಇಲ್ಲ ಕಣೇ. ಅವನ ಅಪ್ಪಂಗೂ ಇದೇ ಕಾಯಿಲೆ ಇತ್ತಂತೆ. ಮೆತ್ತಗೆ ಬೋಳಿಸಿ, ಎಣ್ಣೆ ಹಚ್ಚಿ, ಟೀ ತರಿಸಿಕೊಟ್ಟ." ಹಾಸಿಗೆಯ ಮೇಲೆ ಕೂತು ತಲೆ ಸವರಿಕೊಂಡರು. "ಇಷ್ಟು ದಿನ ನಮ್ಮೂರೇ ಅಗ್ಗ ಅಂತಿದ್ದೆ. ಈ ನನ್ಮಗ ಎಲ್ಲಾ ಕೆಡಿಸಿಬಿಟ್ಟ."

ಮೂರು ತಿಂಗಳು

ಐದನೇ ತಿಂಗಳು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಡ್ಡೆ ಔಷಧಿಗೆ ಬಗ್ಗಿಲ್ಲ ಅಂದರು. ಹೊಸದೊಂದು ಇಂಜೆಕ್ಷನ್ ಇದೆ, ದುಬಾರಿ, ವಾರಕ್ಕೆ ಎರಡು ಸಲ ಬರಬೇಕು, ಹಾಕಿಸಿಕೊಂಡರೆ ಮೂರು ತಿಂಗಳು ಹೆಚ್ಚು ಸಿಗಬಹುದು ಅಂದರು.

"ಬೆಂಗ್ಳೂರಿನ ತಿಂಗಳಾ, ಅಜ್ಜಂಪುರದ ತಿಂಗಳಾ?" ಅಂತ ಇವರು ಕೇಳಿದರು.

ಡಾಕ್ಟರಿಗೆ ಅರ್ಥವಾಗಲಿಲ್ಲ.

"ಅಲ್ಲಮ್ಮಾ, ಅಲ್ಲಿ ಒಂದು ದಿನ ಅಂದ್ರೆ ಬೆಳಗ್ಗೆ ಅಂಗಡಿ ಬಾಗ್ಲು ತೆಗೀತೀನಿ, ನೂರು ಜನ ಮಾತಾಡಿಸ್ತಾರೆ. ಇಲ್ಲಿ ಒಂದು ದಿನ ಅಂದ್ರೆ ಟೋಕನ್ ತಗೊಂಡು ಕೂತ್ಕೋತೀನಿ. ಎರಡಕ್ಕೂ ಒಂದೇ ರೇಟು ಹಾಕಿದ್ರೆ ಹೆಂಗೆ?"

"ಹಾಕಿಸ್ಕೊಳ್ರೀ, ನನ್ನ ಬಳೆ ಇದಾವೆ" ಅಂದೆ ನಾನು.

"ನಿನ್ನ ಬಳೆ ಕೊಟ್ಟು ಟೋಕನ್ ತಗೊಳ್ಳಲಾ?"

ನನಗೆ ರೇಗಿಹೋಯಿತು. ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದೆ. ಮೂರನೇ ದಿನ ಎದ್ದು ನಾನೇ ಬಟ್ಟೆಬರೆ ಬ್ಯಾಗಿಗೆ ತುಂಬಿದೆ. ಅವರು ಬಂದು ಬ್ಯಾಗಿನ ಜಿಪ್ಪು ಎಳೆದು ಕೊಟ್ಟರು.

ಹೊರಡುವ ದಿನ ಡಾಕ್ಟರು ಲಿಫ್ಟಿನವರೆಗೂ ಬಂದರು. "ನಿಮ್ಮೂರಲ್ಲಿ ನನಗೊಂದು ಮನೆ ಬಾಡಿಗೆಗೆ ಸಿಗುತ್ತಾ?" ಅಂತ ನಗುತ್ತಲೇ ಕೇಳಿದರು. ಕಣ್ಣು ಕೆಂಪಾಗಿದ್ದವು.

"ನಿಮಗೆ ಬಾಡಿಗೇನೇ ಬೇಡಮ್ಮಾ. ಆದ್ರೆ ರೇಷನ್ನು ಮಾತ್ರ ನಮ್ಮಂಗಡೀಲೇ ತಗೋಬೇಕು."

ಬಿಸ್ಕತ್ತಿನ ಪ್ಯಾಕೆಟ್ಟು

ಊರಿಗೆ ಬಂದ ಮೇಲೆ ಒಂದೂವರೆ ತಿಂಗಳು ಅಂಗಡಿಯಲ್ಲಿ ಕೂತರು. ಆಮೇಲೆ ಆಗಲಿಲ್ಲ. ಅಂಗಡಿಯ ಹಿಂದಿನ ನಡುಮನೆಯಲ್ಲಿ ಮಂಚ ಹಾಕಿದೆವು. ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತೆ. ನೋಡಲು ಬರುವವರು ಬರಿಗೈಯಲ್ಲಿ ಹೋಗಬಾರದು ಅಂತ ನಮ್ಮಂಗಡಿಯಲ್ಲೇ ಒಂದು ಬಿಸ್ಕತ್ತು ಪ್ಯಾಕೆಟ್ ಕೊಂಡು, ಒಳಗೆ ಹೋಗಿ ಅವರ ಕೈಗೇ ಕೊಡುವರು. ಅವರಿಗೆ ಗಂಜಿ ಬಿಟ್ಟು ಏನೂ ಇಳಿಯುತ್ತಿರಲಿಲ್ಲ. ಬಂದವರು ಹೋದ ಮೇಲೆ, "ತಗೊಂಡೋಗಿ ಮತ್ತೆ ಅಂಗಡೀಲಿ ಇಡೇ" ಅನ್ನುವರು. ನಾಚಿಕೆಯಾಗುತ್ತಿತ್ತು, ಆದರೂ ಇಡುತ್ತಿದ್ದೆ.

ಶಿವನಿಯಲ್ಲಿ ಅವರ ಬಾಲ್ಯದ ಗೆಳೆಯರೊಬ್ಬರಿದ್ದಾರೆ, ತೋಟ ಮಾಡುವವರು, ಬಾಯಲ್ಲಿ ಸದಾ ಎಲೆಅಡಿಕೆ. ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದರು. ಒಂದು ದಿನ ಪ್ಯಾಕೆಟ್ಟು ಕೊಂಡು ಒಳಗೆ ಹೋದವರು ಅಲ್ಲಿಂದಲೇ ಕೂಗಿದರು, "ಲೇ! ಇದು ಮೊನ್ನೆ ನಾನೇ ತಂದಿದ್ದು ಕಣೋ! ನನ್ನ ಬೆರಳಿನ ಸುಣ್ಣ ಇನ್ನೂ ಹಂಗೇ ಇದೆ ನೋಡು!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಓಡಿಹೋಗಿ ನೋಡಿದರೆ ಯಜಮಾನರು ಮಲಗಿದ್ದಲ್ಲೇ ಮೈ ಕುಲುಕಿಸಿ ನಗುತ್ತಿದ್ದಾರೆ. ಗೆಳೆಯರೂ ನಕ್ಕರು. ನಗುತ್ತ ನಗುತ್ತ ಮಂಚದ ಅಂಚಿಗೆ ಹಣೆ ಇಟ್ಟು ಅತ್ತೇಬಿಟ್ಟರು. ಆಮೇಲೆ ಟವೆಲಿನಲ್ಲಿ ಮುಖ ಒರೆಸಿಕೊಂಡು, "ಈಗ ಹೆಂಗೆ ಮಾರ್ತೀಯೋ ನೋಡ್ತೀನಿ" ಅಂತ ಪ್ಯಾಕೆಟ್ಟು ಹರಿದರು. ಒಂದು ಬಿಸ್ಕತ್ತು ಹಾಲಲ್ಲಿ ಅದ್ದಿ ಇವರ ಬಾಯಿಗಿಟ್ಟರು.

ಇವರು ಅದನ್ನು ನಿಧಾನವಾಗಿ ನುಂಗಿದರು. ಅದೇ ಕೊನೆ, ಆಮೇಲೆ ಗಂಜಿಯೂ ಇಳಿಯಲಿಲ್ಲ. ನಾಲ್ಕನೇ ದಿನ ಹೋದರು.

ಆದರೆ ಅವತ್ತು ಬಾಯಿ ಒರೆಸಿಕೊಂಡು, ಹರಿದ ಪ್ಯಾಕೆಟ್ಟನ್ನೇ ನೋಡುತ್ತ, ಗೆಳೆಯರಿಗೆ ಹೇಳಿದರು, "ಹಾಳು ಮಾಡಿಬಿಟ್ಯಲ್ಲೋ. ಇನ್ನೂ ಎರಡು ಸಲ ಮಾರ್ಬಹುದಿತ್ತು."