ಲಂಡನ್ನಿನಲ್ಲಿ ಸರ್ವೆ ನಂಬರ್

ಗಂಭೀರವಾದ ಕೆಲಸ ಅಂತ ನಾನು ಯಾವುದಕ್ಕೆ ಕೈ ಹಾಕಿದರೂ ಅದು ಸೊರಬದ ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ನಗೆಪಾಟಲಾಗಿರುತ್ತದೆ. ಬೇರೆಯವರಿಗೆ ಹೀಗೆಲ್ಲ ಆಗುತ್ತದೋ ಇಲ್ಲವೋ ಗೊತ್ತಿಲ್ಲ, ನನಗಂತೂ ತಪ್ಪಿದ್ದಿಲ್ಲ. ಪಿಎಚ್‌ಡಿ ಒಂದಾದರೂ ನೆಟ್ಟಗೆ ಮುಗಿಯಲಿ ಅಂತ ದೇವರಿಗೆ ಕೈ ಮುಗಿದಿದ್ದೆ. ದೇವರಿಗೆ ಆ ದಿನ ಬೇರೆ ಕೆಲಸ ಇತ್ತು ಅಂತ ಕಾಣುತ್ತದೆ.

ನಾನು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಗಂಡನ ಮನೆ ಸೊರಬ, ಕಾಲೇಜು ಶಿಕಾರಿಪುರ, ತವರು ನಡುವೆ ತಾಳಗುಂದದ ಕಡೆ. ದಿನಾ ಬಸ್ಸು ತವರಿನ ಕ್ರಾಸಿನ ಮುಂದೆಯೇ ಹೋಗುತ್ತದೆ, ಇಳಿಯಲು ಪುರುಸೊತ್ತಿಲ್ಲ. ಅಪ್ಪ ಹೋದ ಮೇಲೆ ಹೊಲದಲ್ಲಿ ಅಣ್ಣ ಮೆಕ್ಕೆಜೋಳ ಬೆಳೆಯುತ್ತಾನೆ, ಹಬ್ಬಕ್ಕೆ ಕರೆದು ಸೀರೆ ಕೊಟ್ಟು ಕಳಿಸುತ್ತಾನೆ. ಅಷ್ಟು ಸಾಕು ಅಂದುಕೊಂಡಿದ್ದೆ.

೧. ವಿಷಯ ಸಿಕ್ಕಿದ್ದು

ನಮ್ಮ ಪ್ರಿನ್ಸಿಪಾಲರು ಒಂದು ದಿನ ಕರೆದು, "ಮೇಡಂ, ಇನ್ಮುಂದೆ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಪಿಎಚ್‌ಡಿ ಇದ್ದವರು ಮೇಲೆ ಹೋಗ್ತಾರೆ, ನೀವು ಕೆಳಗಿಂದ ಉದುರಿ ಹೋಗ್ತೀರಿ. ನೋಡ್ಕೊಳ್ಳಿ" ಅಂದರು. ಹನ್ನೊಂದು ವರ್ಷ ಪಾಠ ಮಾಡಿದ ಕೆಲಸ. ಓಡಿಹೋಗಿ ವಿಶ್ವವಿದ್ಯಾಲಯದಲ್ಲಿ ನನ್ನ ಗೈಡ್ ಮೇಷ್ಟ್ರ ಮುಂದೆ ನಿಂತೆ.

"ಸರ್, ಸೊರಬದ ಅಡಿಕೆ ಮಾರುಕಟ್ಟೆ ಮೇಲೆ ಮಾಡ್ತೀನಿ."

"ಅಡಿಕೆ ಮೇಲೆ ಮಾಡಿದ ಪ್ರಬಂಧ ಇಡೋಕೆ ಲೈಬ್ರರಿಯಲ್ಲಿ ಜಾಗ ಇಲ್ಲಮ್ಮ. ಹೊಸದು ಮಾಡು. ನನ್ನ ಹಳೇ ಸಹಪಾಠಿ ಲಂಡನ್‌ನಲ್ಲಿ ಮೇಷ್ಟ್ರು. ವಲಸೆ ಬಂದವರಿಗೆ ಸಂಜೆ ಇಂಗ್ಲಿಷ್ ಕಲಿಸ್ತಾನೆ. ಅವನ ತರಗತಿ ತುಂಬ ಪೋರ್ಚುಗೀಸರು, ಬಾಂಗ್ಲಾದೇಶದವರು. ಪ್ರಶ್ನಾವಳಿ ಕಳಿಸು, ತುಂಬಿಸಿ ಕಳಿಸ್ತಾನೆ. ಎರಡು ವಲಸೆ ಸಮುದಾಯಗಳ ಆರ್ಥಿಕ ಸ್ಥಿತಿಗತಿ, ಒಂದು ತುಲನಾತ್ಮಕ ಅಧ್ಯಯನ!"

"ಸರ್, ನಾನು ಹುಬ್ಬಳ್ಳಿ ದಾಟಿದವಳಲ್ಲ."

"ಅದೇ ಒಳ್ಳೇದಾಯ್ತು," ಅಂದರು ಮೇಷ್ಟ್ರು. "ನೋಡದೇ ಇರೋರಿಗೆ ಪೂರ್ವಗ್ರಹ ಇರಲ್ಲ."

೨. ಮೂಗು

ಬಸ್ಸಿನಲ್ಲಿ ಓದುವುದು ನನ್ನ ಅಭ್ಯಾಸ. ಇನ್ನೆಲ್ಲಿ ಓದಲಿ? ಮನೆಯಲ್ಲಿ ಕುಕ್ಕರು ಕೂಗುತ್ತದೆ, ಕಾಲೇಜಿನಲ್ಲಿ ಹುಡುಗರು ಕೂಗುತ್ತಾರೆ. ಒಂದು ಬೆಳಿಗ್ಗೆ ಶಿರಾಳಕೊಪ್ಪದಲ್ಲಿ ಹತ್ತಿದ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತಳು. ಹೆಗಲ ಮೇಲೆ ಕರಿ ಕಂಬಳಿ, ಮೈಯೆಲ್ಲ ಕುರಿ ವಾಸನೆ. ನನ್ನ ಕೈಯಲ್ಲಿದ್ದ ಕಾಗದ ನೋಡಿ, "ಏನವ್ವ ಅದು, ಕೋರ್ಟಿಂದಾ?" ಅಂದಳು.

ವಿವರಿಸಿದೆ. ದೂರದ ದೇಶ, ಎರಡು ಜನಾಂಗ ದುಡಿಯಲು ಬಂದಿವೆ, ಯಾರು ಹೇಗಿದ್ದಾರೆ ಅಂತ ಹೋಲಿಸಿ ಬರೀಬೇಕು.

"ಇಬ್ಬರೊಳಗ ಯಾರಿಗೆ ಕುರಿ ಜಾಸ್ತಿ?"

"ಕುರಿ ಇಲ್ಲಜ್ಜಿ."

"ಹೊಲ?"

"ಅಲ್ಲಿ ಹೊಲಾನೂ ಇಲ್ಲ."

"ಕುರಿ ಇಲ್ಲ, ಹೊಲ ಇಲ್ಲ. ಮತ್ತೇನು ಹೋಲಸ್ತಿ, ಮೂಗಾ?"

ಹಿಂದಿನ ಸೀಟಿನವರೆಲ್ಲ ನಕ್ಕರು. ನನಗೆ ರೇಗಿತು. ಅಜ್ಜಿ ಮಾತ್ರ ನಗಲಿಲ್ಲ. "ನೋಡವ್ವ, ನಾವೂ ಕುರಿ ಹೊಡಕೊಂಡು ಊರೂರು ಹೋಗತೀವಿ. ಬಯಲಾಗ ಕಂಬಳಿ ಹೊದ್ದು ಮಲಗಿದ್ರ ಕಂಡೋರೆಲ್ಲ 'ಅಯ್ಯೋ ಪಾಪ' ಅಂತಾರ. ಊರಾಗ ನನ್ನ ಮನಿ ದೊಡ್ಡದು, ಆರಂಕಣದ್ದು. ಪಾಪ ಅನ್ನೋರು ಅದನ್ನ ಎಲ್ಲಿ ಕಂಡಾರು?" ಅಂದಳು.

ದೊಡ್ಡ ಮಾತು. ಬರೆದುಕೊಳ್ಳಬೇಕಿತ್ತು. ಆದರೆ ನಾನು ಆಗ ಮೂಗಿನ ಸಿಟ್ಟಿನಲ್ಲಿದ್ದೆ.

೩. ಹೊರಗಿನಿಂದ ಬಂದವರು

ಬಸ್ಸಿನಲ್ಲಿ ಆಡಿದ ಮಾತು ಬಸ್ಸಿನಲ್ಲೇ ಉಳಿಯುತ್ತದೆಯೇ? ವಾರದೊಳಗೆ ಸೊರಬದಲ್ಲಿ ಸುದ್ದಿ: ಆ ಮೇಡಂ ಮನೇಲಿ ಬಾಂಗ್ಲಾದವರ ಲಿಸ್ಟ್ ಇದೆಯಂತೆ! ಯಾರೋ ಪುಣ್ಯಾತ್ಮರು ಹೋಗಿ ಹೇಳಿದ್ದಾರೆ. ಒಂದು ಮಧ್ಯಾಹ್ನ ಪೊಲೀಸಿನವರೊಬ್ಬರು ಬಾಗಿಲಲ್ಲಿ ನಿಂತಿದ್ದರು.

ಕೆಲಸ ಹೋಗುವುದಿರಲಿ, ಇನ್ನು ಮರ್ಯಾದೆಯೂ ಹೋಯಿತು ಅಂತ ಕಾಗದಗಳನ್ನೆಲ್ಲ ತಂದು ಮುಂದಿಟ್ಟೆ. ಅವರು ನಾಲ್ಕು ಹಾಳೆ ತಿರುವಿ, "ಮೇಡಂ, ಇದೆಲ್ಲ ನಾನು ಓದಬೇಕಾ?" ಅಂತ ನನಗಿಂತ ಗಾಬರಿಯಾಗಿ ಕೇಳಿದರು.

ಒಳಗಿನಿಂದ ನಮ್ಮ ಅತ್ತೆ ಬಂದರು. ಅತ್ತೆ ಓದಿದ್ದು ಮೂರನೇ ಕ್ಲಾಸು. ಆದರೆ ಓಣಿಯವರ ಜಮೀನಿನ ಕಾಗದಗಳೆಲ್ಲ ಅವರಿಗೆ ಬಾಯಿಪಾಠ. ತಾಲ್ಲೂಕು ಕಚೇರಿಗೆ ಹೋಗುವವರು ಮೊದಲು ನಮ್ಮ ಜಗಲಿಗೆ ಬರುತ್ತಾರೆ.

"ಎಂತದಪ್ಪ ವಿಚಾರ?"

"ಏನಿಲ್ಲಮ್ಮ. ಮನೇಲಿ ಹೊರಗಿಂದ ಬಂದೋರು ಯಾರಾದ್ರೂ ಇದಾರಾ ಅಂತ."

"ಇದ್ದಾಳಲ್ಲ, ಬರ್ಕ," ಅಂದರು ಅತ್ತೆ, ನನ್ನತ್ತ ಬೆರಳು ಮಾಡಿ. "ಇವಳೊಬ್ಬಳೇ. ಶಿಕಾರಿಪುರ ತಾಲ್ಲೂಕಿಂದ ಬಂದು ಹದಿನಾಲ್ಕು ವರ್ಷ ಆತು. ಇನ್ನೂ ನಮ್ಮ ಅನ್ನಕ್ಕೆ ಹೊಂದಿಕೊಂಡಿಲ್ಲ, ರೊಟ್ಟಿ ರೊಟ್ಟಿ ಅಂತಾಳೆ."

೪. ಮೂರನೇ ಪುಟ

ಇಷ್ಟರ ನಡುವೆ ಪ್ರಶ್ನಾವಳಿ ಲಂಡನ್ನಿಗೆ ಹೋಗಿತ್ತು. ಎರಡೇ ಪುಟ: ಏನು ಕೆಲಸ, ಬಾಡಿಗೆ ಮನೆಯೋ ಸ್ವಂತದ್ದೋ, ಒಂದು ಮನೆಯಲ್ಲಿ ಎಷ್ಟು ಜನ, ಮಕ್ಕಳು ಏನು ಓದುತ್ತಾರೆ. ಸೊರಬದ ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೊಟ್ಟಿದ್ದೆ. ಅಂಗಡಿಯಾಕೆ ಹದಿನೈದು ವರ್ಷದಿಂದ ರೈತರ ಅರ್ಜಿ ಟೈಪ್ ಮಾಡುವವರು, ಕನ್ನಡ, ಇಂಗ್ಲಿಷ್ ಎರಡಕ್ಕೂ ಕೈ ಚುರುಕು. ಎರಡು ಪುಟ ನೋಡಿ ಸರಿ ಇದೆ ಅಂದೆ. ಬಸ್ಸು ಹೊರಟಿತ್ತು. "ಅಕ್ಕ, ಈ ಇ-ಮೇಲಿಗೆ ನೀವೇ ಕಳಿಸಿಬಿಡಿ" ಅಂತ ಓಡಿದೆ.

ನಾಲ್ಕು ತಿಂಗಳ ಮೇಲೆ ತುಂಬಿದ ಫಾರಂಗಳ ದೊಡ್ಡ ಕಟ್ಟು ಬಂತು. ಜೊತೆಗೆ ಲಂಡನ್ ಮೇಷ್ಟ್ರ ಕಾಗದ: "ತಡವಾಗಿದ್ದಕ್ಕೆ ಕ್ಷಮಿಸಿ. ಮೂರನೇ ಪುಟ ತುಂಬಿಸುವುದು ಕಷ್ಟವಾಯಿತು. ಗುಂಟೆ ಎಂದರೇನು ಎಂದು ಪೋರ್ಚುಗೀಸ್ ಅಜ್ಜಿಯೊಬ್ಬರಿಗೆ ತಿಳಿಸಲು ಒಂದು ಸಂಜೆ ಹಿಡಿಯಿತು."

ಮೂರನೇ ಪುಟ? ಗುಂಟೆ?

ತೆಗೆದು ನೋಡಿದೆ. ಸರ್ವೆ ನಂಬರ್. ಹಿಸ್ಸಾ ನಂಬರ್. ವಿಸ್ತೀರ್ಣ ಎಕರೆ-ಗುಂಟೆ. ನೀರಿನ ಮೂಲ. ಮರಗಳು. ದನ, ಕುರಿ. ಸಾಗುವಳಿ ಮಾಡುತ್ತಿರುವವರು. ಖಾತೆ ಯಾರ ಹೆಸರಲ್ಲಿದೆ. ಪಹಣಿ ಲಗತ್ತಿಸಿದೆಯೇ?

ಅಂಗಡಿಗೆ ಓಡಿದೆ. ಆಕೆ ನಗುತ್ತ, "ಹೌದು ಮೇಡಂ, ನೀವು ಜಮೀನಿನ ಕಾಲಂ ಬಿಟ್ಟುಬಿಟ್ಟಿದ್ರಿ. ನಾನೇ ಹಾಕಿದೆ. ಇಲ್ಲಾಂದ್ರೆ ಅರ್ಜಿ ವಾಪಸ್ ಬರುತ್ತೆ. ಅದಕ್ಕೆ ದುಡ್ಡು ತಗೊಂಡಿಲ್ಲ" ಅಂದರು. ಯಾರ ಮೇಲೆ ಕೂಗಾಡಲಿ? ಲಂಡನ್ನಿನ ಆಫೀಸು ಗುಡಿಸುವವರಿಗೆ ಪಹಣಿ ಕೇಳಿದ ಮೊದಲ ಸಂಶೋಧಕಿ ನಾನು!

ಪುನಃ ಕಳಿಸಲು ಸಮಯವಿರಲಿಲ್ಲ. ಅಳುತ್ತ ಕೂತು ಒಂದೊಂದೇ ಓದಿದೆ. ವಿಚಿತ್ರ ನೋಡಿ, ನನ್ನ ಎರಡು ಪುಟಕ್ಕೆ ಎಲ್ಲರೂ ಒಂದೊಂದು ಶಬ್ದ ಬರೆದು ಮುಗಿಸಿದ್ದರು. ಮೂರನೇ ಪುಟ ಮಾತ್ರ ಅಂಚಿನವರೆಗೆ ತುಂಬಿತ್ತು, ಕೆಲವರು ಬೇರೆ ಹಾಳೆ ಪಿನ್ ಮಾಡಿದ್ದರು. ಆಫೀಸು ಗುಡಿಸುವ ಪೋರ್ಚುಗೀಸ್ ಅಜ್ಜಿ: ಊರಲ್ಲಿ ಹನ್ನೊಂದು ಆಲಿವ್ ಮರ, ಬಾವಿಯಲ್ಲಿ ಅರ್ಧ ಪಾಲು, ಇನ್ನರ್ಧ ಅಣ್ಣನದು, ಅವನು ಮಾತು ಬಿಟ್ಟಿದ್ದಾನೆ. ಬಾಂಗ್ಲಾದೇಶದ ಹೋಟೆಲ್ ಅಡುಗೆಯವನು, ಒಂದು ಕೋಣೆಯಲ್ಲಿ ಐದು ಜನರ ಜೊತೆ ಇರುವವನು: ಭತ್ತದ ಗದ್ದೆ, ಮೀನಿನ ಕೊಳ, ಎರಡು ಹಲಸಿನ ಮರ, ಸಾಗುವಳಿ ತಮ್ಮನದು, ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಲ್ಲೇ ಇದೆ, ಕೇಳಿದರೆ ತಮ್ಮ ಬೇಜಾರು ಮಾಡಿಕೊಳ್ಳುತ್ತಾನೆ.

ಸಾಯಂಕಾಲ ಅತ್ತೆಗೆ ಓದಿ ಹೇಳಿದೆ. "ಆ ಹುಡುಗನಿಗೆ ಬುದ್ಧಿ ಇಲ್ಲ" ಅಂದರು ಕೊನೆಗೆ. "ಕೊಳದ ಮೀನು ಯಾರು ತಿಂತಾರಂತೆ?"

ಗೈಡ್ ಮೇಷ್ಟ್ರು ಆ ಪುಟ ನೋಡಿ ಬೆವರಿದರು. "ಅನುಬಂಧದಲ್ಲಿ ಕೊನೆಗೆ ಹಾಕು. ಪರೀಕ್ಷಕರು ಹಿಂದಿನಿಂದ ಓದಲ್ಲ" ಅಂದರು.

೫. ಹಿಂದಿನಿಂದ ಓದುವವರು

ಪರೀಕ್ಷಕರು ಹಿಂದಿನಿಂದಲೇ ಓದಿದ್ದರು.

ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು. ಹಾಗಾಗಿ ಅತ್ತೆಯೂ ಬುತ್ತಿ ಕಟ್ಟಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ದೊಡ್ಡ ಹೆಸರಿನವರು, ನಗುವುದಿಲ್ಲ ಅಂತ ಖ್ಯಾತಿ. ಪ್ರಬಂಧದ ಕೊನೆಯ ಹಾಳೆ ತೆರೆದು ಮೇಜಿನ ಮೇಲಿಟ್ಟು ಕೇಳಿದರು: "ಏನಮ್ಮ ಇದು? ಲಂಡನ್ನಿನಲ್ಲಿ ಸರ್ವೆ ನಂಬರ್?"

ಗೈಡ್ ಮೇಷ್ಟ್ರು ಕಣ್ಣು ಮುಚ್ಚಿದರು. ನನ್ನ ಹನ್ನೊಂದು ವರ್ಷ ಆ ಹಾಳೆಯ ಮೇಲೆ ಕೂತಿತ್ತು.

"ಈ ಪುಟ ಯಾರು ಮಾಡಿದ್ದು?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬಂದಿದ್ದು ನಿಜ. "ಟೈಪಿಂಗ್ ಅಂಗಡಿಯವರು ಸರ್."

"ಯಾಕೆ?"

"ಜಮೀನಿನ ಕಾಲಂ ಇಲ್ಲದ ಅರ್ಜಿ ನಮ್ಮ ಕಡೆ ಅರ್ಜಿಯೇ ಅಲ್ಲ ಸರ್."

ಯಾರೋ ಕಿಸಕ್ಕೆಂದರು. ಹೋದರೆ ಹೋಗಲಿ ಅನ್ನಿಸಿತು. ಕುರಿಯ ಅಜ್ಜಿಯ ಮಾತು ನೆನಪಾಯಿತು, ಹೇಳಿಯೇಬಿಟ್ಟೆ. "ಸರ್, ಮೊದಲ ಎರಡು ಪುಟ ನೋಡಿ, ಪೋರ್ಚುಗೀಸರು ಮೇಲಿದ್ದಾರೆ, ಬಾಂಗ್ಲಾದವರು ಕೆಳಗಿದ್ದಾರೆ ಅಂತ ಬರೆದಿದ್ದೆ. ಮೂರನೇ ಪುಟ ಬಂದ ಮೇಲೆ ಅದನ್ನು ಹೊಡೆದುಹಾಕಿದೆ. ನಾವು ಬಯಲಲ್ಲಿ ಮಲಗಿದವರ ಕಂಬಳಿ ನೋಡಿ ಪಾಪ ಅಂತೀವಿ. ಊರಿನ ಮನೆಗೆ ಎಷ್ಟು ಅಂಕಣ ಅಂತ ಕೇಳೋದೇ ಇಲ್ಲ. ಒಬ್ಬರಿಗೆ ಬಾವಿಯಲ್ಲಿ ಅರ್ಧ ಪಾಲು, ಇನ್ನೊಬ್ಬರಿಗೆ ಇಡೀ ಕೊಳ. ಆದರೆ ಇಬ್ಬರೂ ಅಲ್ಲಿ ದುಡೀತಾರೆ, ಇಬ್ಬರದ್ದೂ ಊರಲ್ಲಿ ಅಣ್ಣತಮ್ಮಂದಿರ ಕೈಯಲ್ಲಿದೆ. ಕೇಳೋಕೆ ಇಬ್ಬರಿಗೂ ನಾಚಿಕೆ."

ಪರೀಕ್ಷಕರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. ಹಾಳೆ ತಿರುವಿ ಆ ಅಡುಗೆಯವನ ಫಾರಂ ನೋಡಿದರು. ಆಮೇಲೆ ದನಿ ತಗ್ಗಿಸಿ, "ಈಗ ಇವನದ್ದು... ತಂದೆ ಹೆಸರಲ್ಲೇ ಇರೋ ಖಾತೆ... ತಮ್ಮ ಸಾಗುವಳಿ ಮಾಡ್ತಿದ್ದಾನೆ ಅಂತಿಟ್ಕೊಳ್ಳಿ. ಬದಲಾಯಿಸಬೇಕಾದ್ರೆ ಏನು ಮಾಡಬೇಕು?" ಅಂದರು.

ಹಿಂದಿನ ಬೆಂಚಿನಿಂದ ಅತ್ತೆಯ ದನಿ ಬಂತು: "ವಂಶವೃಕ್ಷ ಮಾಡ್ಸಿದೀರಾ ಸ್ವಾಮಿ?"

"ಇಲ್ಲಮ್ಮ," ಅಂದುಬಿಟ್ಟರು ದೊಡ್ಡ ಹೆಸರಿನವರು.

"ಮರಣಪತ್ರ?"

"ಊರಲ್ಲಿ ತಮ್ಮನ ಹತ್ರ ಇದೆ."

"ಆತು ಹಂಗಾದ್ರೆ. ಮೊದಲು ಅದನ್ನ ಇಸ್ಕೊಳಿ, ಆಮೇಲೆ ಪೌತಿ ಖಾತೆಗೆ ಅರ್ಜಿ ಕೊಡಿ. ತಮ್ಮ ಬೇಜಾರು ಮಾಡ್ಕೋತಾನೆ ಅಂತ ಕೂತರೆ ಮೀನು ಪೂರಾ ಅವನೇ ತಿಂತಾನೆ."

ಗೈಡ್ ಮೇಷ್ಟ್ರು ಕುರ್ಚಿಯನ್ನು ಮೆಲ್ಲಗೆ ಅತ್ತೆಯ ಕಡೆ ತಿರುಗಿಸಿ, "ಅಮ್ಮ, ನಮ್ಮದೂ ಒಂದು ಹಾಗೇ ಇದೆ" ಅಂದರು. ಅರ್ಧ ಗಂಟೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎದ್ದು ಹೋಗುವಾಗ ಪರೀಕ್ಷಕರು ನನ್ನ ಪ್ರಬಂಧಕ್ಕೆ ರುಜು ಹಾಕಿದರು, ಅತ್ತೆಗೆ ಕೈ ಮುಗಿದರು. ನಾನು ಡಾಕ್ಟರಾದೆ.

ಮರಳಿ ಬರುವ ಬಸ್ಸಿನಲ್ಲಿ ನನಗೆ ಹಾರಾಡುವಷ್ಟು ಸಂತೋಷ. ಬಸ್ಸು ಶಿಕಾರಿಪುರ ದಾಟಿತು. ಅತ್ತೆ ಕೇಳಿದರು, "ಪೋರ್ಚುಗೀಸ್ ಮುದುಕಿ ತನ್ನ ಮರ ಬರೆದ್ಲು. ಬಾಂಗ್ಲಾದ ಹುಡುಗ ಕೊಳ ಬರೆದ. ನಿನ್ನ ಮೂರನೇ ಪುಟ ಎಲ್ಲಿ?"

"ನಂದೆಂಥದು ಅತ್ತೆ?"

"ನೀನೂ ಹೊರಗಿಂದ ಬಂದವಳೇ ಅಲ್ವಾ? ತವರಿನ ಹೊಲ ಇನ್ನೂ ನಿಮ್ಮಪ್ಪನ ಹೆಸರಲ್ಲೇ ಇದೆ."

ನನ್ನ ಸಂತೋಷವೆಲ್ಲ ಇಳಿದುಹೋಯಿತು. "ಅಣ್ಣ ಬೇಜಾರು ಮಾಡ್ಕೋತಾನೆ" ಅಂದೆ. ಅಂದ ಮೇಲೆ ಗೊತ್ತಾಯಿತು, ಈ ಮಾತನ್ನು ನಾನು ಎಲ್ಲಿ ಓದಿದ್ದೆ ಅಂತ.

ಕಂಡಕ್ಟರು ತವರಿನ ಕ್ರಾಸ್ ಕೂಗಿದ. ಅತ್ತೆ ಬುತ್ತಿ ಚೀಲ ಹಿಡಿದು ಎದ್ದೇಬಿಟ್ಟರು. "ಏಳು, ಇಳಿಯಾಣ. ಬ್ಯಾಗಲ್ಲಿ ಖಾಲಿ ಫಾರಂ ಒಂದಾದ್ರೂ ಉಳಿದಿರಬೇಕಲ್ಲ?"

ಉಳಿದಿತ್ತು. "ಆದರೆ ಸರ್ವೆ ನಂಬರ್ ನನಗೆ ಗೊತ್ತಿಲ್ಲ ಅತ್ತೆ," ಅಂದೆ ಮೆಟ್ಟಿಲ ಮೇಲೆ ನಿಂತು.

"ನನಗೆ ಗೊತ್ತು ಬಾ," ಅಂದರು ಅತ್ತೆ. "ಹೆಣ್ಣು ನೋಡಕ್ಕೆ ಬರೋ ಮುಂಚೆನೇ ಪಹಣಿ ತೆಗೆಸಿ ನೋಡಿದ್ದೆ."